ಮತ್ತೆ, ಶೂ?

"ಉಂಟ್ ದೀ ಶೂಅ?"

ಬುಧವಾರ ಮಧ್ಯಾಹ್ನದಿಂದ ಈ ಮೂರು ಜರ್ಮನ್ ಪದ ತಲೆಯೊಳಗೆ ಹಲ್ಲಿಯ ಹಾಗೆ ಲೊಚಗುಡುತ್ತಲೇ ಇವೆ. ಅರ್ಥ ಇಷ್ಟೇ, 'ಮತ್ತೆ, ಶೂ?' ಅವಸರದಲ್ಲಿದ್ದ ನನ್ನ ಕಿವಿಗೆ ಮೊದಲು 'ಶೂ ಉಂಟಾ?' ಅಂತ ಮಂಗಳೂರಿನವರು ಕೇಳಿದ ಹಾಗೆ ಕೇಳಿಸಿತು. ಉಂಟಲ್ಲ, ಕಾಲಲ್ಲೇ ಉಂಟು ಅನ್ನಬೇಕು ಅನ್ನುವಷ್ಟರಲ್ಲಿ ಅವರ ಮುಖ ನೋಡಿದೆ. ಅದು ಇದೆಯೋ ಇಲ್ಲವೋ ಎಂಬ ಪ್ರಶ್ನೆಯಾಗಿರಲಿಲ್ಲ.

ಕೇಳಿದವರು ನಮ್ಮ ಕೆಳಗಿನ ಮನೆಯಾಕೆ. ಎಂಬತ್ತು ದಾಟಿದೆ, ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮ್ಯೂನಿಕ್‌ಗೆ ಬಂದು ಆರು ವರ್ಷದಿಂದ ಅವರ ತಲೆಯ ಮೇಲೆಯೇ ನಾವು ಒಗ್ಗರಣೆ ಹಾಕುತ್ತಿದ್ದೇವೆ. ಇಷ್ಟಾದರೂ ನಾವಿಬ್ಬರೂ ಇನ್ನೂ ಬಹುವಚನದಲ್ಲೇ ಇದ್ದೇವೆ. ಭಾನುವಾರ ಮಿಕ್ಸಿ ಹಾಕಿದರೆ ಬಂದು ಬಾಗಿಲು ತಟ್ಟುತ್ತಾರೆ. ನನಗೆ ಜ್ವರ ಬಂದಾಗ ಸೂಪು ತಂದು ಬಾಗಿಲಲ್ಲಿಟ್ಟು, ತಟ್ಟದೆ ಹೋಗಿದ್ದರು. ಕೆಟ್ಟವರಲ್ಲ. ಒಳ್ಳೆಯವರು ಅಂತ ಸುಲಭವಾಗಿ ಹೇಳುವುದೂ ಆಗುವುದಿಲ್ಲ.

ಆವತ್ತು ಆಫೀಸಿನವರೆಲ್ಲ ಸೇರಿ ಈ ಊರಿನ ಬಿಯರ್ ಜಾತ್ರೆ ಆಕ್ಟೋಬರ್‌ಫೆಸ್ಟ್‌ಗೆ ಹೊರಟಿದ್ದೆವು. ಇಲ್ಲಿನವರು ಯಾರೂ ಹಾಗನ್ನುವುದಿಲ್ಲ, 'ವೀಸನ್' ಅನ್ನುತ್ತಾರೆ. ಇಷ್ಟು ವರ್ಷ ಜೀನ್ಸ್ ಹಾಕಿಕೊಂಡೇ ಹೋಗಿಬರುತ್ತಿದ್ದೆ. ಈ ಸಲ ಸಹೋದ್ಯೋಗಿಯೊಬ್ಬಳು ಒತ್ತಾಯ ಮಾಡಿ ಇಲ್ಲಿನ ಹೆಂಗಸರ ಸಾಂಪ್ರದಾಯಿಕ ಉಡುಪು, ತನ್ನ ಹಳೆಯ ಡಿರ್ನ್‌ಡಲ್ ಕೊಟ್ಟಳು. ಬಾಟಲಿ ಹಸಿರು ಬಣ್ಣದ ಬಿಗಿ ರವಿಕೆ, ಒಳಗೆ ತೋಳಿರುವ ಬಿಳಿ ಬ್ಲೌಸು, ಮೊಣಕಾಲು ದಾಟುವ ನೆರಿಗೆ ಲಂಗ, ಅದರ ಮೇಲೊಂದು ಏಪ್ರನ್. ಅಂಗಡಿಯಲ್ಲಿ ಲಂಗದ ಉದ್ದವನ್ನು 50, 60, 70 ಎಂದು ಸೆಂಟಿಮೀಟರಿನಲ್ಲಿ ಹೇಳುತ್ತಾರೆ; ಇದು 70, ಮರ್ಯಾದಸ್ತರದ್ದು. ಏಪ್ರನ್ನಿನ ಗಂಟಿಗೂ ಶಾಸ್ತ್ರವಿದೆ. ಎಡಕ್ಕೆ ಕಟ್ಟಿದರೆ ಒಂಟಿ, ಬಲಕ್ಕೆ ಕಟ್ಟಿದರೆ ಜೋಡಿಯಿದೆ, ಬೆನ್ನ ಹಿಂದೆ ಕಟ್ಟಿದರೆ ವಿಧವೆ, ಇಲ್ಲವೇ ಬಿಯರ್ ಟೆಂಟಿನಲ್ಲಿ ಕೆಲಸ ಮಾಡುವವಳು. ಎರಡು ವಿಡಿಯೋ ನೋಡಿ ಬಲಕ್ಕೇ ಕಟ್ಟಿದೆ. ನಮ್ಮನೆಯವರು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ತಿಪಟೂರಿನಿಂದ ಅಮ್ಮನ ಉತ್ತರ ಎರಡೇ ನಿಮಿಷದಲ್ಲಿ ಬಂತು: "ಲಂಗ ದಾವಣಿ ಚೆನ್ನಾಗಿದೆ ಕಣೇ. ದಾವಣಿ ಎಲ್ಲಿ?"

ಕಾಲಿಗೆ ನನ್ನ ಬಿಳಿ ಸ್ನೀಕರ್ಸ್. ಹೊಸದು, ಒರೆಸಿ ಇಟ್ಟಿದ್ದು. ಗಾಜಿನ ಚೂರು ಬಿದ್ದಿರುತ್ತೆ, ಬೆರಳು ಕಾಣುವಂಥದ್ದು ಬೇಡ ಅಂತ ಹೇಳಿದ್ದರು. ಬೂಟ್ಸ್ ಬೇಡ, ಚೂಪು ಹೀಲು ಬೇಡವೇ ಬೇಡ ಅಂತಲೂ ಹೇಳಿದ್ದರು. ನಾಲ್ಕು ಬೆರಳು ಹಿಮ್ಮಡಿಯ ಪಟ್ಟಿ ಶೂ ಆಗಬಹುದು, ಚಪ್ಪಟೆ ಬ್ಯಾಲೆರಿನಾ ಆಗಬಹುದು, ಎಲ್ಲಕ್ಕಿಂತ ಶ್ರೇಷ್ಠ ಹಾಫರ್ಲ್ ಶೂ. ಚರ್ಮದ ಗಟ್ಟಿ ಶೂ ಅದು, ಲೇಸು ನಡು ಪಾದದ ಮೇಲಿರದೆ ಪಕ್ಕಕ್ಕೆ ಸರಿದಿರುತ್ತದೆ. 1803ರಲ್ಲಿ ಓಬರ್‌ಸ್ಟ್‌ಡಾರ್ಫ್‌ನ ಫ್ರಾನ್ಸ್ ಶ್ರಾಟ್ ಎಂಬ ಶೂ ಹೊಲಿಯುವವ ಬೆಟ್ಟ ಹತ್ತುವ ಮೇಕೆಗಳ ಗೊರಸು ನೋಡಿ ಅದನ್ನು ಮಾಡಿದ ಎಂದು ಹೇಳುತ್ತಾರೆ. ಬೆಲೆ ನೂರು ಯೂರೋ ದಾಟಿತ್ತು. ವರ್ಷಕ್ಕೊಂದು ದಿನ ಮೇಕೆಯಾಗುವುದಕ್ಕೆ ಅಷ್ಟು ದುಡ್ಡು ಯಾಕೆ ಅಂತ ಬಿಟ್ಟಿದ್ದೆ.

ಮೆಟ್ಟಿಲಲ್ಲಿ ಎದುರಾದ ಕೆಳಗಿನ ಮನೆಯಾಕೆ ಕೈಯಲ್ಲಿ ಖಾಲಿ ಬಾಟಲಿಗಳ ಚೀಲ ಹಿಡಿದಿದ್ದರು. ತಲೆಯಿಂದ ನೋಡುತ್ತ ಬಂದರು. ಕೊರಳು, ರವಿಕೆಯ ಹುಕ್ಕು, ಗಂಟು. ಗಂಟಿನ ಹತ್ತಿರ ಒಪ್ಪಿಗೆಯೆಂಬಂತೆ ತಲೆ ಒಂದಿಷ್ಟು ಆಡಿತು. ಆಮೇಲೆ ಕಣ್ಣು ಪಾದಕ್ಕೆ ಇಳಿಯಿತು.

"ಉಂಟ್ ದೀ ಶೂಅ?"

"ಇದೇ," ಅಂದೆ.

"ನೈನ್."

ಇಲ್ಲ ಅಂತ. ಮಾತು ಮುಗಿಯಿತು. ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಹೋದವರು ಒಂದು ಡಬ್ಬ ಹಿಡಿದು ಬಂದರು. ಒಳಗೆ ವಾರ್ತಾಪತ್ರಿಕೆ ತುರುಕಿಟ್ಟ ಕಪ್ಪು ಹಾಫರ್ಲ್ ಶೂ. ಎಷ್ಟು ವರ್ಷದ್ದೋ, ಹೊಳಪು ಮಾತ್ರ ನಮ್ಮೂರಿನ ಸಿನಿಮಾ ಪೊಲೀಸರ ಬೂಟಿನ ಹಾಗೆ. ಅವರದ್ದು 37, ನನ್ನದು 38. "ಚರ್ಮ ಹಿಗ್ಗುತ್ತೆ," ಅಂದರು. ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಎಂಬತ್ತು ದಾಟಿದ ಆ ಹೆಂಗಸು ಎದುರಿಗೆ ಬಗ್ಗಿದರು. ನನಗೆ ಎದೆ ಧಸಕ್ಕೆಂದಿತು. ಹಿರಿಯರು ನಮ್ಮ ಕಾಲು ಮುಟ್ಟುವುದುಂಟೇ? ಕಾಲೆಳೆದುಕೊಂಡೆ. ಅವರು ಅದನ್ನು ಶೂ ಬಿಗಿಯಾಯಿತು ಅಂತ ತಿಳಿದುಕೊಂಡರು.

ಬಿಗಿ ಇದ್ದದ್ದೂ ನಿಜ. ಎರಡನೇ ಬೆರಳಿನ ಹತ್ತಿರ ಕಾಲುಂಗುರ ತಡೆಯುತ್ತಿತ್ತು. ಸಾಕ್ಸು ಬಿಚ್ಚಿ ನೋಡಿ, "ಇದನ್ನು ತೆಗೀರಿ," ಅಂದರು.

"ಇದು ಮದುವೆಯಾದವರು ಹಾಕಿಕೊಳ್ಳೋದು," ಅಂದೆ. ನನ್ನ ಜರ್ಮನ್ ಅಷ್ಟಕ್ಕೆ ಸಾಕಾಗುತ್ತದೆ.

ಅವರು ನನ್ನ ಸೊಂಟದ ಬಲಕ್ಕಿದ್ದ ಗಂಟನ್ನು ತೋರುಬೆರಳಿನಿಂದ ಮುಟ್ಟಿದರು. "ಅದನ್ನು ಇಲ್ಲಿ ಹೇಳಿದ್ದೀರಲ್ಲ. ಎರಡು ಸಲ ಯಾಕೆ?"

ಇದಕ್ಕೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ತರಕಾರಿ ಹೆಚ್ಚುವಾಗ, ಮೀಟಿಂಗಿನಲ್ಲಿ ಕೂತಾಗ ಒಂದೊಂದು ಉತ್ತರ ಕಟ್ಟುತ್ತೇನೆ, ಒಂದೂ ನಿಲ್ಲುವುದಿಲ್ಲ. ಆ ಕ್ಷಣಕ್ಕೆ ತಡವಾಗುತ್ತಿತ್ತು, ಕಾಲುಂಗುರದ ಬಾಯಿ ಅಗಲಿಸಿ ಎಳೆದೆ. ಒಂಬತ್ತು ವರ್ಷದಲ್ಲಿ ಬೆರಳಿಗೆ ಹಳ್ಳ ಬಿದ್ದಿದೆ, ಅಲ್ಲಿಯ ಚರ್ಮ ಬಿಸಿಲೇ ಕಾಣದೆ ಬೆಳ್ಳಗೆ. ಏಪ್ರನ್ನಿನ ಅಡಿಯಲ್ಲಿ ಗುಟ್ಟಾಗಿ ಒಂದು ಜೇಬಿದೆ, ಎರಡನ್ನೂ ಅದರೊಳಗೆ ಹಾಕಿಕೊಂಡೆ. ನಮ್ಮನೆಯವರು ಮೇಲಿನಿಂದ ಬಗ್ಗಿ ನೋಡುತ್ತಿದ್ದವರು ಒಂದು ಮಾತಾಡಲಿಲ್ಲ. ಹೀಗೆ ಸುಮ್ಮನಿದ್ದು ಆಮೇಲೆ 'ನಾನೇನೂ ಅಂದಿಲ್ಲವಲ್ಲ' ಅನ್ನುವುದು ಅವರ ಅಭ್ಯಾಸ.

ಟೆರೇಸಿಯನ್‌ವೀಸ ನಿಲ್ದಾಣದಲ್ಲಿ ಇಳಿದಾಗ ನಾನು ಯಾರ ಮುಖವನ್ನೂ ನೋಡಲಿಲ್ಲ, ಬರೀ ಕಾಲು ನೋಡಿದೆ. ಎಸ್ಕಲೇಟರಿನಲ್ಲಿ ನಿಂತರೆ ಎಲ್ಲರ ಕಾಲೂ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಡಿರ್ನ್‌ಡಲ್‌ಗೆ ಸ್ನೀಕರ್ಸ್, ಡಿರ್ನ್‌ಡಲ್‌ಗೆ ಕೌಬಾಯ್ ಬೂಟು, ಡಿರ್ನ್‌ಡಲ್‌ಗೆ ಮಳೆಗಾಲದ ರಬ್ಬರ್ ಶೂ. ನಮ್ಮ ಗುಂಪಿನಲ್ಲಿ ಹಾಫರ್ಲ್ ಶೂ, ಬಿಳಿ ಉಣ್ಣೆ ಸಾಕ್ಸು ಎಲ್ಲ ಶಾಸ್ತ್ರೋಕ್ತವಾಗಿ ಹಾಕಿದ್ದವನು ಒಬ್ಬನೇ, ಹ್ಯಾಂಬರ್ಗಿನವನು. ಅಲ್ಲಿಂದ ಇಲ್ಲಿಗೆ ಸುಮಾರು 800 ಕಿಲೋಮೀಟರ್. ನನಗೆ ಬಟ್ಟೆ ಕೊಟ್ಟವಳು ಇದೇ ಊರಿನಲ್ಲಿ ಹುಟ್ಟಿದವಳು, ಅವಳ ಕಾಲಲ್ಲಿ ಬೆಳ್ಳಿ ಬಣ್ಣದ ಸ್ನೀಕರ್ಸ್! "ಇದೇನು ಅಜ್ಜಿ ಶೂ ಹಾಕ್ಕೊಂಡು ಬಂದಿದ್ದೀಯ?" ಅಂತ ನನ್ನನ್ನೇ ನೋಡಿ ನಕ್ಕಳು.

ಟೆಂಟಿನೊಳಗೆ ಎರಡು ಗಂಟೆ ಬೆಂಚಿನ ಮೇಲೆ ನಿಂತು ಹಾಡಿದೆವು. ಬೆಂಚು ಹತ್ತಬಹುದು, ಮೇಜು ಹತ್ತಿದರೆ ಹೊರಗೆ ಹಾಕುತ್ತಾರೆ. ನನ್ನ ಪಾಲಿಗೆ ಒಂದು ಲೀಟರಿನ ನಿಂಬೆ ಸೋಡ ಬೆರೆಸಿದ ಬಿಯರು, ಚೀಸ್ ಹಾಕಿದ ಶ್ಪೆಟ್ಸ್ಲ ಎಂಬ ಇಲ್ಲಿನ ಶಾವಿಗೆ. ಅಲ್ಲಿ ನನಗೆ ಕಂಡದ್ದು ಬಡಿಸುವಾಕೆಯ ಕಾಲು. ಒಂದೊಂದು ತುಂಬಿದ ಮಗ್ಗೂ ಎರಡು ಕೆಜಿಗಿಂತ ಹೆಚ್ಚು. ಅಂಥ ಹತ್ತನ್ನು ಎದೆಗವಚಿಕೊಂಡು ಜನರ ನಡುವೆ ನುಗ್ಗಿ ಬರುತ್ತಿದ್ದಳು. ಗಂಟು ಬೆನ್ನ ಹಿಂದೆ. ಕಾಲಿಗೆ ಸವೆದು ಬೂದಿ ಬಣ್ಣಕ್ಕೆ ತಿರುಗಿದ ಚಾರಣದ ಶೂ, ಒಂದರ ಲೇಸು ಕಪ್ಪು, ಇನ್ನೊಂದರದ್ದು ಕಂದು. ಆ ಟೆಂಟಿನಲ್ಲಿ ಡಿರ್ನ್‌ಡಲ್ ಉಟ್ಟು ಕೆಲಸ ಮಾಡುತ್ತಿದ್ದವಳು ಅವಳೇ. ಉಳಿದ ನಾವೆಲ್ಲ ಉಟ್ಟುಕೊಂಡು ಬಂದವರು. ಅವಳ ಎದುರು ನಿಂತು 'ಮತ್ತೆ, ಶೂ?' ಅನ್ನುವ ಧೈರ್ಯ ಯಾರಿಗಿದೆ?

ರಾತ್ರಿ ಮನೆಗೆ ಬಂದರೆ ನಿದ್ದೆಯಿಲ್ಲ. ಕಿರುಬೆರಳಿಗೆ ಬೊಬ್ಬೆ ಬಂದಿತ್ತು. ಈ ಶಾಸ್ತ್ರ ಬರೆದವರು ಯಾರು ಅಂತ ಕೋಪದಲ್ಲಿ ಓದುತ್ತ ಕೂತೆ. ಡಿರ್ನ್ ಅಂದರೆ ಆಳು ಹೆಣ್ಣು, ಡಿರ್ನ್‌ಡಲ್ ಅಂದರೆ ಚಿಕ್ಕ ಹುಡುಗಿ. ಕೊಟ್ಟಿಗೆ, ಅಡುಗೆಮನೆಯಲ್ಲಿ ದುಡಿಯುವವರ ಬಟ್ಟೆ. ಬೇಸಿಗೆಗೆ ಬೆಟ್ಟದೂರುಗಳಿಗೆ ಬರುತ್ತಿದ್ದ ನಗರದ ಹೆಂಗಸರು ಅದನ್ನು ಕಂಡು ಆಸೆಪಟ್ಟು ರೇಷ್ಮೆಯಲ್ಲಿ ಹೊಲಿಸಿಕೊಂಡರು. ಅದನ್ನು ಫ್ಯಾಷನ್ ಮಾಡಿದವರಲ್ಲಿ ಇದೇ ಮ್ಯೂನಿಕ್‌ನ ಯೂಲಿಯುಸ್ ಮತ್ತು ಮೋರಿಟ್ಸ್ ವಾಲಖ್ ಎಂಬ ಅಣ್ಣತಮ್ಮಂದಿರು ಮುಂದು. ಆಕ್ಟೋಬರ್‌ಫೆಸ್ಟ್‌ಗೆ ನೂರು ತುಂಬಿದ 1910ರ ಮೆರವಣಿಗೆಗೆ ಬಟ್ಟೆ ಒದಗಿಸಿದವರೂ ಅವರೇ. ಇಬ್ಬರೂ ಯಹೂದಿಗಳು. ನಾಜಿಗಳ ಆಳ್ವಿಕೆಯಲ್ಲಿ, 1938ರಲ್ಲಿ ಅವರ ಅಂಗಡಿ ಕೈತಪ್ಪಿತು, ಆಮೇಲೆ ದೇಶ ಬಿಟ್ಟರು. ಅದೇ ವರ್ಷ ಗಡಿಯಾಚೆಯ ಸಾಲ್ಸ್‌ಬರ್ಗಿನಲ್ಲಿ ಯಹೂದಿಗಳು ಡಿರ್ನ್‌ಡಲ್, ಚರ್ಮದ ಚಡ್ಡಿ ತೊಡಬಾರದು ಅಂತ ಪೊಲೀಸರ ಆಜ್ಞೆಯೇ ಆಯಿತು.

ಹಾಗೆ ನೋಡಿದರೆ ನನಗೆ ಯಾರೂ ಬಟ್ಟೆ ಬಿಚ್ಚು ಅನ್ನಲಿಲ್ಲ, ಶೂ ಬದಲಿಸು ಅಂದರು ಅಷ್ಟೆ. ಕೋಪ ಇಳಿಯಬೇಕಿತ್ತು. ಇಳಿಯಲಿಲ್ಲ, ಇನ್ನೆಲ್ಲಿಗೋ ತಿರುಗಿತು.

ಹೋದ ವರ್ಷ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬರ ಜರ್ಮನ್ ಸೊಸೆ ಮೈಸೂರು ಸಿಲ್ಕ್ ಉಟ್ಟು ಬಂದಿದ್ದಳು. ನೆರಿಗೆ ನಮ್ಮೆಲ್ಲರಿಗಿಂತ ಅಚ್ಚುಕಟ್ಟು. ಕಾಲಲ್ಲಿ ಕಂದು ಚಾರಣದ ಬೂಟು. ನವೆಂಬರಿನ ಚಳಿ, ಆ ಹುಡುಗಿ ಇನ್ನೇನು ಮಾಡಬೇಕಿತ್ತು? ನಾನು ಪಕ್ಕದವರ ಕಿವಿಯಲ್ಲಿ ಒಂದು ಮಾತು ಹೇಳಿ ನಕ್ಕಿದ್ದೆ. ಕೆಳಗಿನ ಮನೆಯಾಕೆ ಮುಖಕ್ಕೇ ಹೇಳಿದರು, ಜೊತೆಗೆ ತಮ್ಮ ಶೂ ಕೊಟ್ಟರು. ನಾನು ಕೊಟ್ಟದ್ದೇನು?

ಇನ್ನೊಂದು ಇದೆ. ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಮ್ಮಜ್ಜಿ ಮದುವೆ ಮನೆಗೆ ಹೊರಟರೆ ಚಪ್ಪಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆದು, ಆ ಊರಿನ ಬಾಗಿಲಲ್ಲಿ ಕಾಲು ತೊಳೆದು ಹಾಕಿಕೊಳ್ಳುತ್ತಿದ್ದರು. ಸವೆದುಹೋಗುತ್ತಲ್ಲ ಅಂತ. ಈ ಕಥೆಯನ್ನು ನಾನು ಹತ್ತು ಕಡೆ ಹೇಳಿ ಮೆಚ್ಚುಗೆ ಗಳಿಸಿದ್ದೇನೆ. ಎಲ್ಲೂ ಹೇಳದ್ದು ಅದೇ ಬೀದಿಯ ಇನ್ನೊಂದು ಜೋಡಿ ಚಪ್ಪಲಿಯ ಕಥೆ. ತೋಟದ ಕೆಲಸಕ್ಕೆ ಬರುತ್ತಿದ್ದಾತ ನಮ್ಮ ಬೀದಿಯ ತಿರುವಿನ ಬೇವಿನ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಬೇಸಿಗೆಯಲ್ಲೂ. ಅಂಗಳ ಸುಡುವಾಗ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಲ್ಲುತ್ತಿದ್ದ. ನನಗಾಗ ಏಳೆಂಟು ವರ್ಷ, ಅದು ಆತನ ಅಭ್ಯಾಸ ಅಂದುಕೊಂಡಿದ್ದೆ. ಯಾವ ಪೊಲೀಸರೂ ಆಜ್ಞೆ ಹೊರಡಿಸಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 'ಮತ್ತೆ, ಚಪ್ಪಲಿ?' ಅಂತ ಆತನನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಶುಕ್ರವಾರ ಶೂ ಒರೆಸಿ, ಪಾಲಿಷ್ ಮಾಡಿ, ಒಳಗೆ ಕಾಗದ ತುರುಕಿ ವಾಪಸು ಕೊಡಲು ಹೋದೆ. ಜೊತೆಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಅವರು ಮಿಠಾಯಿ ಪಕ್ಕಕ್ಕಿಟ್ಟು ಮೊದಲು ಶೂ ತಿರುಗಿಸಿ ಅಟ್ಟೆ ನೋಡಿದರು. ಅಂಟಂಟಾಗಿ ಉಳಿದಿದ್ದ ಬಿಯರಿನ ಕಲೆಯನ್ನು ಉಗುರಿನಿಂದ ಕೆರೆದರು. ನಾನು ಬಟ್ಟೆ ಕೊಟ್ಟವಳ ಬೆಳ್ಳಿ ಸ್ನೀಕರ್ಸ್ ವಿಷಯ ಹೇಳಿದೆ. ಚಾಡಿ ಹೇಳಿದಂತೆಯೇ ಅನ್ನಿ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅವಳು ಹಾಕಬಹುದು. ನಿಮ್ಮನ್ನಾದರೆ ಜನ ನೋಡುತ್ತಾರೆ," ಅಂದರು.

ಇದನ್ನೂ ನಿನ್ನೆಯಿಂದ ತಿರುವಿ ತಿರುವಿ ನೋಡುತ್ತಿದ್ದೇನೆ. ಬೈಗುಳವೋ, ಕಾಳಜಿಯೋ? ನಮ್ಮಮ್ಮ ಹಾಸ್ಟೆಲಿಗೆ ಕಳಿಸುವಾಗ ಹೀಗೇ ಒಂದು ಮಾತು ಹೇಳಿದ್ದರು, ಅವತ್ತೂ ಜಗಳವಾಡಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ತೆಗೆದರು. ಹುಟ್ಟಿದ್ದು ಹಳ್ಳಿಯ ಹೈನುಗಾರರ ಮನೆಯಲ್ಲಂತೆ. ಏಪ್ರಿಲ್ ಕಳೆದರೆ ಮಕ್ಕಳಿಗೆ ಶೂ ಇಲ್ಲ, ಚಳಿ ಶುರುವಾಗುವ ತನಕ ಬರಿಗಾಲು. ಕೊಟ್ಟಿಗೆಗೆ ಮರದ ಮೆಟ್ಟು. ಬೆಳಗಿನ ಚಳಿಗೆ ಹಸು ಆಗ ತಾನೇ ಹಾಕಿದ ಸಗಣಿಯಲ್ಲಿ ಪಾದ ಇಟ್ಟುಕೊಂಡು ಬೆಚ್ಚಗೆ ನಿಲ್ಲುತ್ತಿದ್ದರಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ಶೂ ಲೇಸನ್ನೇ ಸರಿಮಾಡುತ್ತಿದ್ದರು. ನಾನೂ ಚಿಕ್ಕವಳಿದ್ದಾಗ ಸಗಣಿ ತುಳಿದಿದ್ದೇನೆ ಅಂದೆ. "ಬೆಚ್ಚಗಿರುತ್ತೆ ಅಲ್ವಾ?" ಅಂದರು. ಆರು ವರ್ಷದಲ್ಲಿ ಅವರು ನನ್ನಿಂದ ಹೌದು ಅನ್ನುವ ಉತ್ತರ ಬಯಸಿ ಕೇಳಿದ ಮೊದಲ ಪ್ರಶ್ನೆ ಅದು.

ಇವತ್ತು ಶನಿವಾರ. ಬೆರಳುಗಳೆಲ್ಲ ಇನ್ನೂ ಊದಿವೆ, ಕಾಲುಂಗುರ ಏರುತ್ತಿಲ್ಲ, ಕುಂಕುಮದ ಬಟ್ಟಲ ಪಕ್ಕ ಕೂತಿದೆ. ಯಾವ ಶೂವೂ ಆಗುತ್ತಿಲ್ಲ. ಕಸ ಹಾಕಲು ಕೆಳಗೆ ಹೋಗುವಾಗ ಚಳಿ ಅಂತ ಉಣ್ಣೆ ಸಾಕ್ಸು ಹಾಕಿ, ಅದರ ಮೇಲೆಯೇ ಊರಿನಿಂದ ತಂದ ಹವಾಯಿ ಚಪ್ಪಲಿ ತುರುಕಿಕೊಂಡೆ. ಸಾಕ್ಸು ಹಾಕಿ ಚಪ್ಪಲಿ ಮೆಟ್ಟುವ ಈ ಊರಿನ ಗಂಡಸರನ್ನು ಎಷ್ಟು ಆಡಿಕೊಂಡಿದ್ದೇನೋ! ಕೆಳಗಿನ ಮನೆಯ ಬಾಗಿಲು ತೆರೆಯಿತು. ಗ್ರೂಸ್ ಗಾಟ್ ಅಂದರು, ನಾನೂ ಅಂದೆ. ಅವರ ಕಣ್ಣು ಮೆಲ್ಲಗೆ ಕೆಳಕ್ಕಿಳಿದು ನನ್ನ ಪಾದದ ಹತ್ತಿರ ನಿಂತಿತು. ಬಾಯಿ ಅರ್ಧ ತೆರೆಯಿತು. ನಾನು ಕಸದ ಚೀಲ ಎತ್ತಿ ಹಿಡಿದು, ಪಟಪಟ ಸದ್ದು ಮಾಡುತ್ತ ಇಳಿದುಬಿಟ್ಟೆ.