ಜಾಹೀರಾತಿನ ಭರವಸೆ, ಬ್ಯಾಕಪ್‌ನ ಕೀಲಿ

2019ರ ಜನವರಿಯಲ್ಲಿ ಆಪಲ್ ಸಂಸ್ಥೆಯು, ಐಫೋನಿನಲ್ಲಿ ನಡೆದದ್ದು ಐಫೋನಿನಲ್ಲೇ ಉಳಿಯುತ್ತದೆ ಎಂಬರ್ಥದ ದೊಡ್ಡ ಜಾಹೀರಾತನ್ನು ಲಾಸ್ ವೇಗಾಸ್‌ನಲ್ಲಿ ಹಾಕಿಸಿತ್ತು. ಮಾತಿನಲ್ಲೇ ಕೇಳಿದ್ದಕ್ಕೆ ಉತ್ತರಿಸುವ ಐಫೋನಿನ ಧ್ವನಿ ಸಹಾಯಕಿ 'ಸಿರಿ'ಯೊಡನೆ ಜನರಾಡಿದ ಮಾತುಗಳಲ್ಲಿ ಕೆಲವನ್ನು ಗುಣಮಟ್ಟ ಪರಿಶೀಲನೆಗೆಂದು ಗುತ್ತಿಗೆ ನೌಕರರು ಕೇಳಿಸಿಕೊಳ್ಳುತ್ತಿದ್ದ ಸಂಗತಿ ಅದೇ ವರ್ಷ ಬಯಲಾಗಿ, ಆಗಸ್ಟ್‌ನಲ್ಲಿ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಮಾಟುಂಗದ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು "ಇಷ್ಟು ದುಬಾರಿ ಫೋನು, ಇನ್ನೇನು ಭಯ ಮಾರಾಯ್ರೆ" ಎಂದಾಗ ನನಗೆ ನೆನಪಾದದ್ದು ಇದೇ.

ಫೋನಿನ ಬೀಗ ಗಟ್ಟಿಯಾಗಿಯೇ ಇರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ಗೆ ಹೋಗುವ ಬ್ಯಾಕಪ್‌ನ, ಅಂದರೆ ಫೋನಿನ ಮಾಹಿತಿಯ ನಕಲಿನ, ಕೀಲಿಯು, ಹೆಚ್ಚುವರಿ ರಕ್ಷಣೆಯನ್ನು ನಾವಾಗಿ ಆರಿಸಿಕೊಳ್ಳದ ಹೊರತು, ಸಂಸ್ಥೆಯ ಬಳಿಯೂ ಇರುತ್ತದೆ. ಆ ರಕ್ಷಣೆಯನ್ನು 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೊಸ ಬಳಕೆದಾರರಿಗೆ ಆಪಲ್ ನಿಲ್ಲಿಸಿಯೇ ಬಿಟ್ಟಿತು. ನಮ್ಮಲ್ಲಿ ಅದು 2023ರಿಂದ ದೊರೆಯುತ್ತಿದ್ದರೂ ತಾನಾಗಿ ಆನ್ ಆಗಿರುವುದಿಲ್ಲ. ಫೋನು ಮಾರುವ ಅಂಗಡಿಯವರು ಅದರ ಸುದ್ದಿ ಎತ್ತಿದ್ದನ್ನಂತೂ ನಾನು ಕೇಳಿಲ್ಲ.