ವರ್ಷ ಬಿಡಿಸುವ ಮೊದಲು: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ದ್ವಿತೀಯ ಪಿಯು ಫಲಿತಾಂಶ ಬಂದ ವಾರ ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ, ಮಕ್ಕಳನ್ನು ಈಗಲೇ ಕಾಲೇಜಿಗೆ ಸೇರಿಸಬೇಕೋ ಒಂದು ವರ್ಷ ಬಿಡಿಸಿ ಮತ್ತೆ ಪ್ರವೇಶ ಪರೀಕ್ಷೆ ಬರೆಸಬೇಕೋ ಎಂಬ ಸಲಹೆಗೆ ಬರವಿಲ್ಲ. "ಒಂದ್ ವರ್ಷ ಬಿಡಸ್ರಿ ಸರ್, ಮುಂದಿನ ಸಲ ಪಕ್ಕಾ" ಎನ್ನುವವರಲ್ಲಿ ಹಲವರಿಗೆ ಲಾಂಗ್‌ಟರ್ಮ್ ಬ್ಯಾಚ್ (ವರ್ಷವಿಡೀ ನಡೆಯುವ ಕೋಚಿಂಗ್) ತುಂಬಿಸಬೇಕಾಗಿರುತ್ತದೆ. "ಬಿಡಸಬ್ಯಾಡ್ರಿ, ಈಗ ಸೇರಿಸಿಬಿಡ್ರಿ" ಎನ್ನುವವರಲ್ಲಿ ಕೆಲವರಿಗೆ ಕಾಲೇಜಿನಿಂದ ಅಡ್ಮಿಶನ್ನಿಗೆ ಇಷ್ಟೆಂದು ಕಮಿಷನ್ ಬರುತ್ತದೆ. ಇಬ್ಬರೂ ಫೀ ಕೇಳುವುದಿಲ್ಲ. ಅದಕ್ಕೇ ಮೊದಲ ಪ್ರಶ್ನೆ: ನಿಮಗೆ ದುಡ್ಡು ಕೊಡೋರು ಯಾರ್ರೀ? ನೀವೇ ಫೀ ಕೊಟ್ಟು ಒಂದು ತಾಸು ಕೂತು ಮಾತಾಡುವ ಸಲಹೆಗಾರ ಕೊನೆಗೆ ಅಗ್ಗವಾಗುತ್ತಾನೆ.

'ಕರಿಯರ್ ಕೌನ್ಸೆಲರ್' ಎಂದು ಬೋರ್ಡು ಹಾಕಲು ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಳ್ಳುವವರಿಗೆ ಮಾತ್ರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆ ಸಂಖ್ಯೆ ಕೇಳಲು ಸಂಕೋಚ ಪಡಬೇಡಿ. ಇನ್ನು ಆಪ್ಟಿಟ್ಯೂಡ್ ಟೆಸ್ಟ್, ಅಂದರೆ ಯಾವ ಓದಿಗೆ ಒಲವು-ಸಾಮರ್ಥ್ಯ ಇದೆ ಎಂದು ಅಳೆಯುವ ಪರೀಕ್ಷೆ. ಹತ್ತನೆಯತನಕ ಕನ್ನಡ ಮಾಧ್ಯಮದಲ್ಲಿ ಓದಿದ ಹಾವೇರಿಯ ಹುಡುಗಿಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಇಟ್ಟರೆ ಅಳೆಯುವುದು ಅವಳ ಇಂಗ್ಲಿಷನ್ನು, ಬುದ್ಧಿಯನ್ನಲ್ಲ. ಕನ್ನಡದಲ್ಲಿ ಟೆಸ್ಟ್ ಇಲ್ಲದಿದ್ದರೆ ಆ ವರದಿಗೆ ಹೆಚ್ಚು ಬೆಲೆ ಕೊಡಬೇಡಿ.

ಸಲಹೆಗಾರರ ಬಳಿ ಹೋಗುವಾಗ ಎಸ್ಸೆಸ್ಸೆಲ್ಸಿ ಮತ್ತು ಪಿಯು ಅಂಕಪಟ್ಟಿ, ಸಿಇಟಿ ಅಥವಾ ನೀಟ್ ಸ್ಕೋರ್‌ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಇವೆಲ್ಲದರ ಝೆರಾಕ್ಸ್ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಉತ್ತರ ಹಾಳೆಯ ಪ್ರತಿ ಮತ್ತು ಕೀ ಉತ್ತರ ಬೇಕು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಡಿತ. ಹೋದ ಅಂಕಗಳನ್ನು ಮೂರು ಪಾಲು ಮಾಡಿಸಿ: ಪಾಠವೇ ಗೊತ್ತಿಲ್ಲದ್ದು, ಗೊತ್ತಿದ್ದೂ ತಪ್ಪಿದ್ದು, ಹೊತ್ತು ಸಾಲದೆ ಬಿಟ್ಟಿದ್ದು. ಮೊದಲ ಪಾಲು ದೊಡ್ಡದಿದ್ದರೆ ಮಾತ್ರ ವರ್ಷಪೂರ್ತಿ ತರಗತಿಗೆ ಅರ್ಥವಿದೆ. ಉಳಿದೆರಡಕ್ಕೆ ಬೇಕಾದದ್ದು ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ. ಅದನ್ನು ಮನೆಯಲ್ಲಿದ್ದೇ ಬರೆಯಬಹುದು. ಈ ವಿಂಗಡಣೆ ಮಾಡದೆ "ಡ್ರಾಪ್ ಮಾಡಸ್ರಿ" ಎಂದವರ ಮಾತು ಅಲ್ಲಿಗೇ ಬಿಡಿ.

ಸಿಇಟಿಯಿಂದ ಎಂಜಿನಿಯರಿಂಗ್ ಬಯಸುವವರ ಲೆಕ್ಕ ಬೇರೆ. ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಪಿಯುನ ಪಿಸಿಎಂನಲ್ಲಿ (ಭೌತ, ರಸಾಯನ, ಗಣಿತ) 300ಕ್ಕೆ 180 ಬಂದಿದೆ, ಸಿಇಟಿಯಲ್ಲಿ 180ಕ್ಕೆ 90 ಬಂದಿದೆ ಅನ್ನಿ: ಶೇಕಡ 60 ಮತ್ತು 50, ಸರಾಸರಿ 55. ವರ್ಷವಿಡೀ ಓದಿ ಸಿಇಟಿಯಲ್ಲಿ 126 ತಂದರೂ ಸರಾಸರಿ ಏರುವುದು 65ಕ್ಕೆ. ಮೂವತ್ತಾರು ಪ್ರಶ್ನೆ ಹೆಚ್ಚು ಸರಿಮಾಡಿದ್ದಕ್ಕೆ ಹತ್ತೇ ಅಂಶ, ಯಾಕೆಂದರೆ ಪಿಯು ಪಾಲು ಅಲುಗಾಡುವುದಿಲ್ಲ. ಹಾಗಾಗಿ ಪಾಸಾದವರೂ ಅಂಕ ಸುಧಾರಣೆಗೆ ಪಿಯು ಪರೀಕ್ಷೆ-2 ಬರೆಯಬಹುದೇ ಎಂಬುದನ್ನು ಮೊದಲು ನೋಡಬೇಕು. ಅದು ಅದೇ ಬೇಸಿಗೆಯಲ್ಲಿ ಮುಗಿಯುವ ಕೆಲಸ, ವರ್ಷ ಬಿಡಬೇಕಿಲ್ಲ.

ಹಿಂದಿನ ವರ್ಷಗಳ ಕಟ್‌ಆಫ್ ತೋರಿಸುವಾಗ ಇನ್ನೊಂದು ಎಡವಟ್ಟಾಗುತ್ತದೆ. ಕೊಪ್ಪಳಕ್ಕೆ 371ಜೆ (ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನ ಕೊಟ್ಟ) ಮೀಸಲಾತಿ ಇದೆ, ಅದಕ್ಕೆ ಹತ್ತಿಕೊಂಡೇ ಇರುವ ಗದಗ ಜಿಲ್ಲೆಗೆ ಇಲ್ಲ. ಪಟ್ಟಿಯ 371ಜೆ ಕಾಲಂ ನೋಡಿ ಗದಗ ಜಿಲ್ಲೆಯ ಮುಂಡರಗಿಯವರು ಆಸೆಪಟ್ಟರೆ ಪ್ರಯೋಜನವಿಲ್ಲ.

ಎಷ್ಟು ಸಲ ಬರೆಯಬಹುದು ಎಂಬುದನ್ನೂ ಸಲಹೆಗಾರ ಬಾಯಿಮಾತಿನಲ್ಲಲ್ಲ, ಮಾಹಿತಿ ಪುಸ್ತಿಕೆಯಲ್ಲೇ ತೋರಿಸಬೇಕು. ಐಐಟಿ ಪ್ರವೇಶಕ್ಕಿರುವ ಜೆಇಇ ಅಡ್ವಾನ್ಸ್ಡ್ ಬರೆಯಲು ಸಿಗುವುದು ಸತತ ಎರಡು ವರ್ಷ, ಎರಡು ಸಲ. ಐಐಟಿ ಸೀಟು ಒಪ್ಪಿಕೊಂಡವರಿಗೆ ಮತ್ತೆ ಅವಕಾಶವಿಲ್ಲ. ನೀಟ್‌ಗೆ ಇಷ್ಟೇ ಸಲ ಎಂಬ ಮಿತಿ ಇಲ್ಲ. ಆದರೆ ಅಖಿಲ ಭಾರತ ಕೋಟಾದ ಸ್ಟ್ರೇ ರೌಂಡಿನಲ್ಲಿ (ಉಳಿದ ಸೀಟು ಹಂಚುವ ಕೊನೆಯ ಸುತ್ತು) ಸೀಟು ಸಿಕ್ಕೂ ಸೇರದಿದ್ದರೆ ಠೇವಣಿ ಹೋಗುತ್ತದೆ, ಮುಂದಿನ ವರ್ಷದ ಪರೀಕ್ಷೆಗೂ ಕೂರಿಸುವುದಿಲ್ಲ. "ಸುಮ್ನ ಆಪ್ಶನ್ ಹಾಕಿ ಇಟ್ಟೇವ್ರಿ" ಅಂದವರ ವರ್ಷ ಹಾಳಾಗುವುದು ಇಲ್ಲೇ.

ಕೋಚಿಂಗ್ ಫೀ ಎಂದು ಹೇಳಿದ ಮೊತ್ತಕ್ಕೆ 18% ಜಿಎಸ್‌ಟಿ ಸೇರಿದೆಯೇ ಕೇಳಿ. ಪಿಜಿ, ಮೆಸ್ಸು, ಟೆಸ್ಟ್ ಸೀರೀಸ್ ಬೇರೆಯೇ ಇರಬಹುದು. ನಡುವೆ ಬಿಟ್ಟರೆ ಉಳಿದ ಅವಧಿಯ ಫೀಯನ್ನು 10 ದಿನದೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಮಾರ್ಗಸೂಚಿ ಗೋಡೆಗೆ ಅಂಟಿಸಿದರೆ ದುಡ್ಡು ಬರುವುದಿಲ್ಲ, ರಸೀದಿಯ ಮೇಲೆ ಬರೆಸಿಕೊಳ್ಳಿ. ಜಗ್ಗಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಪರೀಕ್ಷೆಗಲ್ಲದೆ ಕೈಗೆಲಸ ಕಲಿಯಲೆಂದೇ ವರ್ಷ ತೆಗೆದುಕೊಳ್ಳುವವರೂ ಇದ್ದಾರೆ. ಅಂಥವರು ಸ್ವಉದ್ಯೋಗ ತರಬೇತಿ ಕೊಡುವ ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿ, ಹುಬ್ಬಳ್ಳಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಅಲ್ಪಾವಧಿ ಕೋರ್ಸು ವಿಚಾರಿಸಲಿ. ಮಧ್ಯವರ್ತಿ ಬೇಕಿಲ್ಲ.

ಸಲಹೆ ಮುಗಿದಾಗ ಕೈಯಲ್ಲಿ ತಾರೀಖು ಬರೆದ ಒಂದು ಹಾಳೆ ಇರಬೇಕು. ಸೆಪ್ಟೆಂಬರ್ ಹೊತ್ತಿಗೆ ಮೂರು ಪೂರ್ಣ ಮಾಕ್ ಟೆಸ್ಟಿನ ಅಂಕ, ಡಿಸೆಂಬರಿನಲ್ಲಿ ಮತ್ತೆ ಮೂರು. ಅಂಕ ನಿಂತಲ್ಲೇ ನಿಂತಿದ್ದರೆ ಬಿಎಸ್ಸಿಯೋ ಕೃಷಿಯೋ ಪ್ಯಾರಾಮೆಡಿಕಲ್ಲೋ, ಎರಡನೇ ದಾರಿಯ ಹೆಸರು ಆಗಲೇ ಬರೆದಿರಲಿ. ಮಾಕ್ ಟೆಸ್ಟ್ ತಪ್ಪಿಸುವುದು, ರಾತ್ರಿ ನಿದ್ದೆಯಿಲ್ಲದೆ ಹೊರಳಾಡುವುದು, ಊರಿಗೆ ಫೋನ್ ಮಾಡದಿರುವುದು ಒಟ್ಟಿಗೆ ಕಂಡರೆ ಡಿಸೆಂಬರಿನತನಕ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಮೂಲ ಅಂಕಪಟ್ಟಿ, ಟಿಸಿಗಳನ್ನು ಕೋಚಿಂಗಿನವರಿಗಾಗಲಿ ಹಾಸ್ಟೆಲಿನವರಿಗಾಗಲಿ ಒಪ್ಪಿಸಬೇಡಿ. ಮುಂದಿನ ವರ್ಷ ಸೇರುವಾಗ ಕೆಲವು ಕಾಲೇಜುಗಳು ಗ್ಯಾಪ್ ಅಫಿಡವಿಟ್ ಕೇಳುತ್ತವೆ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಬೇರೆ ಯಾವ ಕೋರ್ಸಿಗೂ ಸೇರಿರಲಿಲ್ಲ ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆದು ನೋಟರಿ ಮಾಡಿಸಿದರೆ ಆಯಿತು. ತಿಂಗಳುಗಳು ಟಿಸಿಯ ತಾರೀಖಿಗೆ ಹೊಂದಬೇಕು, ಇಲ್ಲವಾದರೆ ಅಡ್ಮಿಶನ್ ಕೌಂಟರಿನಿಂದ ತಿರುಗಿ ಕಳಿಸುತ್ತಾರೆ.