ಏಳನೇ ತರಗತಿಯ ದಶಮಾಂಶ ಕಿಟ್: ಎಕರೆ-ಗುಂಟೆಯ ಗಂಟು ಬಿಚ್ಚಿದ ಬಗೆ

ಏಳನೇ ತರಗತಿಯ ಮಕ್ಕಳಿಗೆ ಅವರವರ ಕಲಿಕೆಗೆ ತಕ್ಕ ಗುಂಪುಗಳಲ್ಲಿ ಗಣಿತ ಕಲಿಸುವ ನಮ್ಮ ಯೋಜನೆಯಲ್ಲಿ ದಶಮಾಂಶದ ಘಟಕ ಕೊನೆಗೂ ದಾರಿಗೆ ಬಂದಿದೆ. ಭಿನ್ನರಾಶಿ ಪಟ್ಟಿಗಳ ತಯಾರಿ, ಮಗು ಎಲ್ಲಿ ಎಡವುತ್ತಿದೆ ಎಂದು ಪತ್ತೆಹಚ್ಚುವ ನೈದಾನಿಕ ಪರೀಕ್ಷೆ, ಮಕ್ಕಳನ್ನು ತಟ್ಟೆಗಳಲ್ಲಿ (ಕಲಿಕೆಯ ಗುಂಪುಗಳಲ್ಲಿ) ಕೂರಿಸುವ ಕ್ರಮ ಇವೆಲ್ಲ ಈ ಕೆಲಸದಲ್ಲಿ ತೊಡಗಿರುವ ಶಿಕ್ಷಕ ಮಿತ್ರರಿಗೆ ಚೆನ್ನಾಗಿ ತಿಳಿದಿರುವ ಸಂಗತಿಗಳಾದ್ದರಿಂದ ಅವುಗಳನ್ನು ಬಿಟ್ಟು, ಇಡೀ ಮಳೆಗಾಲ ನಮ್ಮನ್ನು ಸತಾಯಿಸಿದ ಒಂದೇ ಒಂದು ತೊಡಕನ್ನು ಕುರಿತು ಬರೆಯುತ್ತೇನೆ. ನೈದಾನಿಕ ಪರೀಕ್ಷೆಯ ಅಂಕಗಳನ್ನು ನೋಡಿ ಮಾಡಿದ ಮೂರು ಗುಂಪುಗಳು ಭಿನ್ನರಾಶಿಯಲ್ಲಿ ಸಲೀಸಾಗಿ ನಡೆದವು. ದಶಮಾಂಶಕ್ಕೆ ಬಂದೊಡನೆ ಮೂರೂ ನಿಂತಲ್ಲೇ ನಿಂತವು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಕ್ರಮದಲ್ಲಿ ದುಡಿದವರಿಗೆ ವಿಭೇದಿತ ಬೋಧನೆ, ಅಂದರೆ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸುವುದು, ಹೊಸದೇನಲ್ಲ. ಶಿಕ್ಷಕರ ಸಂಪೂರ್ಣ ಸಹಾಯದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಮಗು ತನ್ನ ವೇಗದಲ್ಲಿ ಏಣಿ ಹತ್ತುವ ಆ ಕ್ರಮ ಮೂರನೇ ತರಗತಿಗೆ ಮುಗಿದುಹೋಗುತ್ತದೆ. ಆಮೇಲೆ ಏಳನೇ ತರಗತಿಗೆ ಬರುವ ಹೊತ್ತಿಗೆ, ಭಾಗಾಕಾರದಲ್ಲಿ ಇನ್ನೂ ತಡವರಿಸುವ ಮಗುವೂ ಬೀಜಗಣಿತಕ್ಕೆ ಸಿದ್ಧವಾಗಿರುವ ಮಗುವೂ ಒಂದೇ ದಿನ ಒಂದೇ ಪುಟವನ್ನು ತೆರೆಯಬೇಕಾಗುತ್ತದೆ. ಹಿರಿಯ ಪ್ರಾಥಮಿಕ ಹಂತದಲ್ಲಿ ತಟ್ಟೆಗಳನ್ನು ಮರಳಿ ತರಬೇಕೆಂಬುದೇ ಈ ಯೋಜನೆಯ ಉದ್ದೇಶ. ಆದರೆ ಸಾಮಾನ್ಯವಾಗಿ ನಾವು ತಟ್ಟೆಗಳನ್ನು ಜೋಡಿಸುವುದು ಒಟ್ಟು ಅಂಕಗಳ ಮೇಲೆ. ದಶಮಾಂಶದಲ್ಲಿ ಒಟ್ಟು ಅಂಕ ಎಷ್ಟು ಪೊಳ್ಳು ಎಂಬುದನ್ನು ಎರಡೇ ಜೋಡಿ ಸಂಖ್ಯೆಗಳು ತೋರಿಸಿಕೊಡುತ್ತವೆ.

0.8 ಮತ್ತು 0.35ರಲ್ಲಿ ಯಾವುದು ದೊಡ್ಡದು? 0.4 ಮತ್ತು 0.62ರಲ್ಲಿ ಯಾವುದು ದೊಡ್ಡದು? ಬಿಂದುವಿನ ಬಲಭಾಗವನ್ನು ಪೂರ್ಣಸಂಖ್ಯೆಯಂತೆ ಓದುವ ಮಗು ಎಂಟಕ್ಕಿಂತ ಮೂವತ್ತೈದು ದೊಡ್ಡದೆಂದು ಮೊದಲನೆಯದನ್ನು ತಪ್ಪು ಮಾಡುತ್ತದೆ, ಎರಡನೆಯದನ್ನು ಸರಿ ಮಾಡುತ್ತದೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂಬ ನಿಜವನ್ನೇ ಅತಿಗೆ ಎಳೆದು, ಅಂಕಿಗಳು ಕಡಿಮೆ ಇದ್ದಷ್ಟೂ ಬೆಲೆ ಹೆಚ್ಚು ಎಂದುಕೊಂಡಿರುವ ಮಗು ಮೊದಲನೆಯದನ್ನು ಸರಿ ಮಾಡಿ ಎರಡನೆಯದನ್ನು ತಪ್ಪು ಮಾಡುತ್ತದೆ. ಇಬ್ಬರಿಗೂ ಅರ್ಧರ್ಧ ಅಂಕ, ಇಬ್ಬರೂ ಒಂದೇ ತಟ್ಟೆಗೆ! ಒಬ್ಬರಿಗೆ ಬೇಕಾದ ಮದ್ದು ಇನ್ನೊಬ್ಬರ ರೋಗವನ್ನು ಹೆಚ್ಚಿಸುವಂಥದ್ದು. ಪ್ರಶ್ನೆಪತ್ರಿಕೆಯಲ್ಲಿ ಎರಡನೆಯ ಬಗೆಯ ಜೋಡಿಗಳೇ ತುಂಬಿದ್ದರಂತೂ, ದಶಮಾಂಶದ ಗಂಧಗಾಳಿಯೇ ಇಲ್ಲದ ಮಗುವೂ ಪೂರ್ಣಾಂಕ ಪಡೆದು ಮುಂದಿನ ತಟ್ಟೆಗೆ ಹೋಗಿಬಿಡುತ್ತದೆ. ಬಳಕೆಯಲ್ಲಿರುವ ಅಭ್ಯಾಸ ಹಾಳೆಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕೆಂದು ಎಲ್ಲರನ್ನೂ ಕೋರುತ್ತೇನೆ.

ಇಷ್ಟರವರೆಗಿನದು ಎಲ್ಲ ಕಡೆಯ ಮಕ್ಕಳಿಗೂ ಅನ್ವಯಿಸುವ ಮಾತು. ನಮ್ಮ ಗಂಗಾವತಿ ಸೀಮೆಗೆ ಇನ್ನೊಂದು ವಿಶೇಷವಿದೆ. ಒಂದೂವರೆಯನ್ನು ದಶಮಾಂಶದಲ್ಲಿ ಬರೆಯಿರಿ ಎಂದಾಗ ಹಲವು ಮಕ್ಕಳು ಹಿಂದೆಮುಂದೆ ನೋಡದೆ 1.20 ಎಂದು ಬರೆದರು. ಕಾರಣ ಕೇಳಿದ್ದಕ್ಕೆ ಒಬ್ಬ ಹುಡುಗ ಎದ್ದು ನಿಂತು, “ಸರ್, ಒಂದೂವರಿ ಎಕರೆ ಅಂದ್ರ ಒಂದು ಎಕರೆ ಇಪ್ಪತ್ತು ಗುಂಟೆ ಅಲ್ರೀ? ನಮ್ಮ ಪಹಣ್ಯಾಗ ಹಂಗ ಐತ್ರಿ” ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹೊಲದ ಲೆಕ್ಕದಲ್ಲಿ ಎಕರೆಗೂ ಗುಂಟೆಗೂ ನಡುವೆ ಒಂದು ಚುಕ್ಕೆ ಇಟ್ಟು ಬರೆಯುವುದು ಮನೆಮನೆಯ ರೂಢಿ. ಹೊಳೆಯಾಚೆ ಕಂಪ್ಲಿಯಲ್ಲಿ ನೆಂಟಸ್ತಿಕೆ ಇರುವ ಮಕ್ಕಳು ಅದೇ ಒಂದೂವರೆಯನ್ನು 1.50 ಎಂದು ಬರೆದಿದ್ದರು. ಕಂಪ್ಲಿ ಇರುವ ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿ ಎಕರೆಗೆ ನೂರು ಸೆಂಟ್ಸ್ ಎಂಬ ಲೆಕ್ಕ ಉಳಿದಿದೆ. 1956ರಲ್ಲಿ ಹೈದರಾಬಾದಿನಿಂದ ಬಂದ ನಮ್ಮ ಕಡೆ ಗುಂಟೆಯ ಲೆಕ್ಕ. ಒಂದು ಸೇತುವೆ ದಾಟಿದರೆ 1.20 ಎಂಬ ಬರಹದ ಬೆಲೆಯೇ ಬದಲಾಗುವ ಇಂಥ ಊರುಗಳಲ್ಲಿ, ಮಗುವಿನ ತಲೆಯೊಳಗೆ ಯಾವ ಚುಕ್ಕೆ ಕೂತಿದೆ ಎಂಬುದನ್ನು ವಿಚಾರಿಸದೆ ತಪ್ಪಿನ ಗುರುತು ಹಾಕುವುದು ಆ ಮಗುವಿಗೆ ಮಾಡುವ ಅನ್ಯಾಯ.

ಗುಂಟೆಯ ಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸುವುದೇ ನಿಜವಾದ ಕಗ್ಗಂಟಾಗಿತ್ತು. 1.5 ಮತ್ತು 1.20 ಕೂಡಿಸಿ ಎಂದರೆ ಗುಂಟೆಯವರೂ 2.25 ಎನ್ನುತ್ತಾರೆ, ಪೂರ್ಣಸಂಖ್ಯೆಯಂತೆ ಓದುವವರೂ 2.25 ಎನ್ನುತ್ತಾರೆ, ರೂಪಾಯಿ-ಪೈಸೆಯ ಲೆಕ್ಕದಲ್ಲಿರುವವರೂ 2.25 ಎನ್ನುತ್ತಾರೆ. ತಪ್ಪು ಒಂದೇ, ಅದರ ಬೇರು ಮೂರು. ಬಹಳಷ್ಟು ಲೆಕ್ಕಗಳನ್ನು ತಿರುವಿಹಾಕಿದ ಮೇಲೆ ಸಿಕ್ಕ ಪ್ರಶ್ನೆ ಇದು: 1.39ಕ್ಕೆ 0.01 ಕೂಡಿಸಿದರೆ ಎಷ್ಟು? ಗುಂಟೆಯ ಮಗು ಮೂವತ್ತೊಂಬತ್ತಕ್ಕೆ ಒಂದು ಸೇರಿ ಎಕರೆ ತುಂಬಿತೆಂದು 2.00 ಬರೆಯುತ್ತದೆ, ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಇದಕ್ಕೆ ಜೊತೆಯಾಗಿ 1.20 ಮತ್ತು 1.20ರ ಮೊತ್ತವನ್ನು ಕೇಳಿದರೆ 3 ಎಂಬ ಉತ್ತರವೂ ಅವರದೇ. ಪೈಸೆ ಮತ್ತು ಸೆಂಟ್ಸ್ ಲೆಕ್ಕದವರನ್ನು ಹಿಡಿಯಲು 4.45 ಮತ್ತು 4.4502 ಕೊಡಬೇಕು. ಎರಡು ಅಂಕಿಗಳ ಆಚೆಗೆ ಅವರಿಗೆ ಲೋಕವೇ ಇಲ್ಲವಾದ್ದರಿಂದ ಎರಡೂ ಸಮ ಎನ್ನುತ್ತಾರೆ. ಎರಡಂಕಿಯ ಲೆಕ್ಕಗಳಲ್ಲಿ ಇವರದು ಸದಾ ಸರಿ ಉತ್ತರವಾದ್ದರಿಂದ, ಅಂಕಗಳ ಗುಂಪಿನಲ್ಲಿ ಇವರೇ ಜಾಣರೆಂದು ಮೇಲೆ ಕೂತಿದ್ದರು.

ಹೀಗೆ ಅಂಕಗಳನ್ನು ಬದಿಗಿಟ್ಟು, ಯೋಚನೆಯ ಬಗೆಯನ್ನು ನೋಡಿ ತಟ್ಟೆಗಳನ್ನು ಹೊಸದಾಗಿ ಜೋಡಿಸಿದ ಮೇಲೆ ಕೆಲಸ ಚುರುಕಾಯಿತು. ಗುಂಟೆಯ ತಟ್ಟೆಗೆ ಗುಂಟೆಯನ್ನು ಮರೆಸುವ ಪಾಠ ಬೇಡವೆಂದು ನಿರ್ಧರಿಸಿದೆವು. ಮನೆಯಿಂದ ತಂದ ಆ ಜ್ಞಾನ ಗಟ್ಟಿಯಾದದ್ದು, ಅದರ ಮೇಲೆಯೇ ದಶಮಾಂಶವನ್ನು ಕಟ್ಟಬಹುದು. 20 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರದ ಒಂದೇ ಅಳತೆಯ ಎರಡು ಹಾಳೆಗಳು. ಎರಡೂ ಒಂದೊಂದು ಎಕರೆ. ಒಂದರಲ್ಲಿ ಐದು ಸಾಲು ನೀಟ, ಎಂಟು ಸಾಲು ಅಡ್ಡ, ಒಟ್ಟು 40 ಗುಂಟೆಯ ಮನೆಗಳು. ಇನ್ನೊಂದು ಪಾರದರ್ಶಕ ಹಾಳೆ, ಅದರಲ್ಲಿ ಹತ್ತು ಹತ್ತಲೆ ನೂರು ಮನೆಗಳು. ಅರ್ಧ ಎಕರೆಗೆ ಬಣ್ಣ ಹಾಕಿದರೆ ಒಂದರಲ್ಲಿ 20 ಮನೆ, ಇನ್ನೊಂದರಲ್ಲಿ 50. ಗುಂಟೆಗೆ 1-20 ಎಂದು ಅಡ್ಡಗೆರೆ, ದಶಮಾಂಶಕ್ಕೆ 1.50 ಎಂದು ಬಿಂದು, ಇಷ್ಟೇ ನಿಯಮ.

ಇಲ್ಲಿ ಜೆರಾಕ್ಸ್ ಅಂಗಡಿಯ ಗೋಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮೂಲ ಅಳತೆಯಲ್ಲಿಯೇ ಮುದ್ರಿಸಿಕೊಡಿ ಎಂದು ಚೀಟಿಯಲ್ಲಿ ಬರೆದು ಕೊಟ್ಟರೂ, ಕಾಗದಕ್ಕೆ ಒಂದು ಅಳತೆ, ಪಾರದರ್ಶಕ ಹಾಳೆಗೆ ಇನ್ನೊಂದು ಅಳತೆ! ಯಂತ್ರವು ಪುಟಕ್ಕೆ ಹೊಂದಿಸುವ ನೆಪದಲ್ಲಿ ಒಂದನ್ನು ಕುಗ್ಗಿಸಿತ್ತು. ಒಂದರ ಮೇಲೊಂದು ಇಟ್ಟರೆ ಎಡ ಅಂಚು ಕೂಡುತ್ತದೆ, ಬಲ ಅಂಚು ಕೂಡುವುದಿಲ್ಲ. ಹಾಳೆಯ ಹಣವೂ ಹೋಯಿತು, ಮರುಮುದ್ರಣದ ಹಣವನ್ನೂ ಕೇಳಿದರು. ಇಂಥ ಹಾಳೆ ಮಾಡಿಸುವವರು ಅಂಗಡಿಯ ಕಟ್ಟೆಯ ಮೇಲೆಯೇ ಸ್ಕೇಲ್ ಇಟ್ಟು 20 ಸೆಂ.ಮೀ. ನೋಡಿಕೊಂಡು ಹಣ ಕೊಡುವುದು ಒಳ್ಳೆಯದು.

ಅಳತೆ ಕೂಡಿದ ದಿನ ಆ ತಟ್ಟೆಯ ಒಬ್ಬ ಹುಡುಗಿ ಪಾರದರ್ಶಕ ಹಾಳೆಯನ್ನು ಗುಂಟೆಯ ಹಾಳೆಯ ಮೇಲಿಟ್ಟು, ಮೂಲೆಯ ಒಂದು ಗುಂಟೆಯ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದಳು. ಆ ಗೆರೆಯೊಳಗೆ ನೂರರ ಮನೆಗಳಲ್ಲಿ ಎರಡು ಪೂರ್ತಿ ಬಂದವು. ಅವುಗಳ ಕೆಳಗಿನ ಎರಡು ಮನೆಗಳಲ್ಲಿ ಕಾಲುಭಾಗ ಮಾತ್ರ ಬಂತು. ಅವಳು ಎರಡು ಕಾಲುಗಳನ್ನು ಸೇರಿಸಿ ಅರ್ಧ ಮಾಡಿದಳು, ಎರಡೂವರೆ ಎಂದಳು, ಆಮೇಲೆ ಬಹಳ ಹೊತ್ತು ಸುಮ್ಮನೆ ಹಾಳೆಯನ್ನೇ ನೋಡಿ, “ಅರ್ಧಾ ಮನಿ ಬರೀಬೇಕಂದ್ರ ಇನ್ನೊಂದು ಅಂಕಿ ಬೇಕಲ್ರೀ ಸರ್” ಎಂದು ಕೇಳಿದಳು. ಸಾವಿರನೇ ಭಾಗದ ಸ್ಥಾನವನ್ನು ನಾನು ಕಲಿಸಲಿಲ್ಲ, ಅವಳೇ ಕೇಳಿ ಪಡೆದಳು: ಒಂದು ಗುಂಟೆ ಎಂದರೆ 0.025 ಎಕರೆ. ಐದು ಗುಂಟೆ 0.125, ಹತ್ತು ಗುಂಟೆ 0.25, ಹದಿನೈದು ಗುಂಟೆ 0.375 ಎಂಬ ಕೋಷ್ಟಕವನ್ನು ಆ ತಟ್ಟೆಯವರೇ ಮಾಡಿ ಗೋಡೆಗೆ ಅಂಟಿಸಿದರು. ಎಕರೆಯ ಮೂರನೇ ಒಂದು ಭಾಗ ಹದಿಮೂರು ಗುಂಟೆಯಲ್ಲಿ ಮುಗಿಯುವುದಿಲ್ಲ, ಆಣೆಗೆ ಇಳಿದರೂ ಮುಗಿಯುವುದಿಲ್ಲ, 0.333ರಲ್ಲಿಯೂ ಮುಗಿಯುವುದಿಲ್ಲ ಎಂಬುದನ್ನೂ ಅವರೇ ಹಿಡಿದರು. ನಿಧಾನದವರ ತಟ್ಟೆ ಎಂದು ಹೆಸರಾಗಿದ್ದ ತಟ್ಟೆ ಇದು.

ಪೂರ್ಣಸಂಖ್ಯೆಯವರಿಗೂ ಪೈಸೆಯವರಿಗೂ ಪೈಪಿನ ಕಿಟ್. ಮೀಟರನ್ನು ಬಳಸಿದರೆ 1.5 ಎಂದರೆ ಒಂದು ಮೀಟರ್ ಐದು ಸೆಂಟಿಮೀಟರ್ ಎಂಬ ಹಳೆಯ ಜಾಡಿಗೇ ಮಕ್ಕಳು ಇಳಿಯುವುದರಿಂದ, ಹೆಸರೇ ಇಲ್ಲದ ಒಂದು ಉದ್ದ ಬೇಕಾಗಿತ್ತು. ವೈರಿಂಗ್ ಪೈಪಿನ ಉದ್ದ ತುಂಡು ‘ಒಂದು’, ಅದರ ಹತ್ತನೇ ಭಾಗ, ನೂರನೇ ಭಾಗ, ಸಾವಿರನೇ ಭಾಗಕ್ಕೆ ಲೋಹದ ವಾಷರ್. ಎಂ5 (5 ಮಿ.ಮೀ. ಬೋಲ್ಟಿಗೆ ಹೊಂದುವ) ವಾಷರಿನ ದಪ್ಪ ಲೆಕ್ಕದ ಪ್ರಕಾರ 1 ಮಿ.ಮೀ. ಇರಬೇಕು. ನಮಗೆ ಸಿಕ್ಕ ಪೊಟ್ಟಣಗಳಲ್ಲಿ ಒಂದು ತೆಳು, ಒಂದು ದಪ್ಪ, ಕೆಲವಕ್ಕೆ ಅಂಚಿನಲ್ಲಿ ಗಂಟು. ಹತ್ತು ಪೇರಿಸಿದರೆ ನೂರನೇ ಭಾಗದ ಪೈಪಿಗೆ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು. ಎಲ್ಲ ವಾಷರೂ ಒಂದೇ ಎಂದು ಹಾರ್ಡ್‌ವೇರ್ ಅಂಗಡಿಯವರು ವಾದಿಸಿದರು. ಹತ್ತು ಸೇರಿ ಒಂದಾಗುವುದೇ ಇಡೀ ಪಾಠದ ಜೀವಾಳವಾಗಿರುವಾಗ ಇದನ್ನು ಸಹಿಸಲಾಗದು.

ಪರಿಹಾರವು ಕ್ರಮವನ್ನು ತಲೆಕೆಳಗು ಮಾಡಿದಾಗ ಸಿಕ್ಕಿತು. ಮೊದಲು ಒಂದೇ ಪೊಟ್ಟಣದ ವಾಷರುಗಳನ್ನು ಕಲಸಿ, ನೂರನ್ನು ಸೈಕಲ್ ಕಡ್ಡಿಗೆ ಪೋಣಿಸಿ ಒತ್ತಿ ಅಳೆಯುವುದು. ಬಂದ ಉದ್ದವೇ ಹತ್ತನೇ ಭಾಗ. ನಮ್ಮದು 12 ಸೆಂ.ಮೀ. ಬಂತು. ಹಾಗಾಗಿ ನೂರನೇ ಭಾಗ 12 ಮಿ.ಮೀ., ‘ಒಂದು’ ಎಂದರೆ 120 ಸೆಂ.ಮೀ. ಮೂರು ಮೀಟರಿನ ಪೈಪಿನಲ್ಲಿ ಎರಡು ‘ಒಂದು’ ತೆಗೆದರೆ 60 ಸೆಂ.ಮೀ. ಉಳಿಯುತ್ತದೆ; ಅದರಿಂದ ಹತ್ತನೇ ಭಾಗದ ಐದು ತುಂಡು ಬರುತ್ತದೆಂಬುದು ಕಾಗದದ ಲೆಕ್ಕ. ಹ್ಯಾಕ್ಸಾ ಬ್ಲೇಡ್ ಪ್ರತಿ ಕೊಯ್ತಕ್ಕೂ ಸುಮಾರು ಒಂದು ಮಿ.ಮೀ. ತಿನ್ನುವುದರಿಂದ ನಾಲ್ಕನ್ನು ಮಾತ್ರ ನಂಬಿ, ಐದನೆಯದನ್ನು ನೂರನೇ ಭಾಗಗಳಿಗೆ ಕೊಯ್ಯಬೇಕು. ನೆಲದ ಮೇಲೆ 0.8 ಮತ್ತು 0.35 ಎರಡನ್ನೂ ಪಕ್ಕಪಕ್ಕ ಜೋಡಿಸಿದಾಗ ವಾದಕ್ಕೆ ಎಡೆಯೇ ಉಳಿಯಲಿಲ್ಲ. 1.20 ಮತ್ತು 1.21ರ ನಡುವೆ ಏನೂ ಇಲ್ಲ ಎಂದಿದ್ದ ಪೈಸೆಯ ತಟ್ಟೆಯವರು, ಆ ಸಂದಿನಲ್ಲಿ ಒಂಬತ್ತು ವಾಷರುಗಳನ್ನು ಒಂದೊಂದಾಗಿ ಇಟ್ಟು ಹೆಸರಿಟ್ಟರು.

ಪೈಪುಗಳನ್ನು ಜೋಡಿಸುವಾಗಲೇ ಮುಂದಿನ ಯೋಜನೆ ಹೊಳೆದಿದ್ದರಿಂದ ಅದನ್ನು ಇಲ್ಲಿಯೇ ಗುರುತು ಹಾಕಿಡುತ್ತೇನೆ. ಋಣ ಪೂರ್ಣಾಂಕಗಳಿಗೆ ಲಿಫ್ಟು, ತಾಪಮಾನಗಳ ಉದಾಹರಣೆ ನಮ್ಮ ಮಕ್ಕಳಿಗೆ ದೂರ. ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1633 ಅಡಿ ಎಂಬುದು ಎಡದಂಡೆ ಕಾಲುವೆಯ ನೀರಿಗೆ ಕಾಯುವ ಮನೆಗಳಲ್ಲಿ ಎಲ್ಲರ ಬಾಯಲ್ಲಿರುವ ಸಂಖ್ಯೆ. ಆ 1633 ಅನ್ನೇ ಸೊನ್ನೆ ಎಂದಿಟ್ಟು, 1630 ಅಡಿಯನ್ನು −3 ಎಂದು ಬರೆದು, ದಿನದಿನದ ಏರಿಳಿತವನ್ನು ಕೂಡಿಸಿ ಕಳೆಯುವ ಗೋಡೆಪಟ್ಟಿ ಮಾಡಬೇಕೆಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ನಂತರ ನೀರಿನ ಮಟ್ಟ ಇಳಿದದ್ದನ್ನು ಈ ಮಕ್ಕಳು ಆತಂಕದಿಂದ ಕೇಳಿದವರು. ಋಣ ಚಿಹ್ನೆಯ ಭಾರ ಅವರಿಗೆ ಗೊತ್ತು. ಅದರಲ್ಲಿಯೂ ಅಂಕ ನೋಡದೆ ಯೋಚನೆ ನೋಡಿ ತಟ್ಟೆ ಮಾಡುವುದು ಖಚಿತ.

ದಶಮಾಂಶವನ್ನು ಆಗಲೇ ಬಲ್ಲ ಮಕ್ಕಳ ತಟ್ಟೆಯೂ ಒಂದಿದೆ. ಬೇಗ ಮುಗಿಸಿದವರಿಗೆ ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಡುವುದೂ, ಪ್ರತಿದಿನ ಬೇರೆಯವರಿಗೆ ಹೇಳಿಕೊಡಲು ಕಳಿಸುವುದೂ ನನಗೆ ಸರಿಕಾಣುವುದಿಲ್ಲ. ಅವರಿಗೂ ಏರಲು ಒಂದು ಮೆಟ್ಟಿಲು ಸಲ್ಲಬೇಕು. ಅವರಿಗೆ ಕ್ರಿಕೆಟ್ಟಿನ ಓವರ್ ಕೊಟ್ಟೆ. 3.4 ಓವರಿನಲ್ಲಿ 22 ರನ್ ಆದರೆ ಓವರಿಗೆ ಸರಾಸರಿ ಎಷ್ಟು? 22ನ್ನು 3.4ರಿಂದ ಭಾಗಿಸಿ 6.47 ತಂದವರಿಗೂ, 22 ಎಸೆತಕ್ಕೆ 22 ರನ್, ಆದ್ದರಿಂದ 6 ಎಂದವರಿಗೂ ನಡೆದ ಜಗಳ ಇಡೀ ಅವಧಿಯನ್ನು ತಿಂದಿತು. ಚುಕ್ಕೆಯಾಚೆ ಆರಾದರೆ ಓವರ್, ನಲವತ್ತಾದರೆ ಎಕರೆ, ಹತ್ತಾದರೆ ಮಾತ್ರ ದಶಮಾಂಶದ ಮುಂದಿನ ಸ್ಥಾನ ಎಂದು ಅವರು ಬರೆದ ಅರ್ಧ ಪುಟವನ್ನು ನಾಲ್ಕೂ ತಟ್ಟೆಗಳಿಗೆ ಓದಿಸಿದ್ದೇವೆ.

ಈಗ ಗುಂಟೆಯ ಮಕ್ಕಳು ಲೆಕ್ಕ ಓದಿದೊಡನೆ “ಇದು ಗುಂಟೇದೋ, ದಶಮಾಂಶದ್ದೋ” ಎಂದು ಕೇಳಿಯೇ ಪೆನ್ಸಿಲ್ ಹಿಡಿಯುತ್ತಾರೆ. ಪೂರ್ಣಸಂಖ್ಯೆಯ ತಟ್ಟೆಯಲ್ಲಿ ಹೊಸದೊಂದು ಬೆಳವಣಿಗೆ ಕಂಡಿದೆ: ಪೈಪಿನಲ್ಲಿ ಹತ್ತನೇ ಭಾಗ ಉದ್ದವೆಂದು ಕಂಡ ಕೆಲವರು ಈಗ 0.62ಕ್ಕಿಂತ 0.4 ದೊಡ್ಡದು ಎನ್ನತೊಡಗಿದ್ದಾರೆ. ಒಂದು ತಪ್ಪಿನಿಂದ ಅದರ ಎದುರಿನ ತಪ್ಪಿಗೆ ದಾಟಿರುವ ಇವರನ್ನು ಹಳೆಯ ತಟ್ಟೆಯಲ್ಲಿಯೇ ಕೂರಿಸಿದರೆ ಘಟಕ ಮುಗಿಯುವವರೆಗೆ ಹಾಗೆಯೇ ಉಳಿಯುತ್ತಾರೆ. ಆದ್ದರಿಂದ ಅವಧಿಯ ಕೊನೆಗೆ ಎಲ್ಲರಿಗೂ ಒಂದು ಚೀಟಿ, ಅದರಲ್ಲಿ ಒಂದೇ ಜೋಡಿ, ಜೊತೆಗೆ ಕಾರಣ ಬರೆಯಲು ಒಂದು ಸಾಲು. ಮರುದಿನದ ತಟ್ಟೆ ಆ ಸಾಲಿನ ಮೇಲೆ ನಿರ್ಧಾರ. ದಾಟಿದವರಿಗೆ ನಾಳೆಯಿಂದ ತುಂಡುಗಳ ಸಂಖ್ಯೆಯನ್ನೂ ಬರೆಯಿಸಿ 0.4ಕ್ಕೆ ನಾಲ್ಕು ಉದ್ದ ತುಂಡು, 0.62ಕ್ಕೆ ಆರು ಉದ್ದ ಎರಡು ಗಿಡ್ಡ ತುಂಡು ಎಂದು ಪೈಪು ಮುಟ್ಟದೆ ಮೊದಲೇ ಹೇಳಿಸುವ ಅಭ್ಯಾಸ ಆರಂಭಿಸುತ್ತೇವೆ. ವಾಷರ್ ಮಾತ್ರ ಇನ್ನೂ ಒಂದು ಪೊಟ್ಟಣ ಬೇಕು, ಅದೂ ಇದೇ ದಪ್ಪದ್ದು. ಈ ಸಲ ಸೈಕಲ್ ಕಡ್ಡಿಯನ್ನು ಜೊತೆಗೆ ಒಯ್ದು ಅಂಗಡಿಯಲ್ಲಿಯೇ ನೂರು ಪೋಣಿಸಿ ಅಳೆದು ತರುತ್ತೇನೆ.